ಕಾಯುವ ಊರಿನ ಸೆಪ್ಟೆಂಬರ್

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿರುವ ಗ್ರೀನ್ ಬೇ ನಗರದ ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಅಲ್ಲಿಯ ಲ್ಯಾಂಬೋ ಫೀಲ್ಡ್ ಕ್ರೀಡಾಂಗಣದಲ್ಲಿರುವ ಆಸನಗಳು 81,441. ಆ ಆಸನಗಳ ಸೀಸನ್ ಟಿಕೆಟ್‌ಗಳು 1960ರಿಂದ ಈವರೆಗೆ ಒಂದು ವರ್ಷವೂ ಮಾರಾಟವಾಗದೆ ಉಳಿದಿಲ್ಲ. ಟಿಕೆಟ್ಟಿಗೆ ಹೆಸರು ಬರೆಸಿ ಕಾಯುತ್ತಿರುವವರ ಪಟ್ಟಿಯಲ್ಲಿ 1,40,000ಕ್ಕೂ ಹೆಚ್ಚು ಹೆಸರುಗಳಿವೆ. ಎಂದರೆ, ಊರಿನಲ್ಲಿ ಇರುವವರಿಗಿಂತ ಊರಿನ ತಂಡದ ಟಿಕೆಟ್ಟಿಗಾಗಿ ಕಾಯುವವರೇ ಹೆಚ್ಚು. ಮಗು ಹುಟ್ಟಿದ ಹೊಸತರಲ್ಲೇ ಅದರ ಹೆಸರನ್ನು ಪಟ್ಟಿಗೆ ಸೇರಿಸುವ ತಂದೆತಾಯಿಗಳೂ, ಟಿಕೆಟ್ಟಿನ ಹಕ್ಕನ್ನು ಮಕ್ಕಳಿಗೆ ಬಿಟ್ಟುಹೋಗುವ ಹಿರಿಯರೂ ಈ ರಾಜ್ಯದಲ್ಲಿ ಅಪರೂಪವಲ್ಲ. ಗ್ರೀನ್ ಬೇ ಪ್ಯಾಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಅಭಿಮಾನಿಗಳು ಪ್ರತಿ ವರ್ಷ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ, ಹೊಸ ಋತು ಶುರುವಾಗುವ ಹೊತ್ತಿನಲ್ಲಿ, ಏನನ್ನು ಮಾತಾಡುತ್ತಾರೆ, ಯಾವುದಕ್ಕೆ ಜಗಳವಾಡುತ್ತಾರೆ ಎಂಬುದನ್ನು ತಿಳಿಯಬೇಕಾದರೆ ಈ ಕಾಯುವಿಕೆಯನ್ನು ಮೊದಲು ತಿಳಿಯಬೇಕು.

ನಾನಿರುವುದು ಗ್ರೀನ್ ಬೇಯಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಆಪಲ್‌ಟನ್‌ನಲ್ಲಿ. ಫಾಕ್ಸ್ ನದಿಯ ದಂಡೆಯುದ್ದಕ್ಕೂ ಕಾಗದದ ಕಾರ್ಖಾನೆಗಳನ್ನು ನಂಬಿಕೊಂಡು ಬೆಳೆದ ಊರುಗಳ ಸಾಲಿದು. ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದ ನಮ್ಮಂಥ ಕನ್ನಡಿಗರಿಗೆ ಈ ಆಟ ಮೊದಮೊದಲು ಅರ್ಥವಾಗುವುದಿಲ್ಲ. ಪಂದ್ಯ ಇಷ್ಟು ಸಲ ಯಾಕೆ ನಿಲ್ಲುತ್ತದೆ ಎಂಬ ಗೊಂದಲದಲ್ಲೇ ಒಂದು ಚಳಿಗಾಲ ಕಳೆದುಹೋಗುತ್ತದೆ. ಆದರೆ ಆಟಕ್ಕಿಂತ ಮೊದಲು ಆಟದ ಮಾತು ನಮ್ಮನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಸೋಮವಾರ ಬೆಳಗ್ಗೆ ಕಚೇರಿಯಲ್ಲಿ, ದಿನಸಿ ಅಂಗಡಿಯ ಬಿಲ್ಲಿನ ಸಾಲಿನಲ್ಲಿ, ಮಕ್ಕಳನ್ನು ಶಾಲೆಗೆ ಬಿಡುವ ಜಾಗದಲ್ಲಿ ಕಿವಿಗೆ ಬೀಳುವುದು ಅದೊಂದೇ. ನಾಲ್ಕು ಜನ ಅಪರಿಚಿತರು ಹತ್ತು ನಿಮಿಷ ಸಲುಗೆಯಿಂದ ಮಾತಾಡಲು ಈ ಸೀಮೆಯಲ್ಲಿ ಅದಕ್ಕಿಂತ ಸುಲಭವಾದ ದಾರಿ ಇಲ್ಲ.

ಆಟದ ನಿಯಮವನ್ನು ಚುಟುಕಾಗಿ ಹೇಳುವುದಾದರೆ, ಚೆಂಡು ಕೈಯಲ್ಲಿರುವ ತಂಡ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಎದುರಾಳಿಯ ಗೆರೆ ದಾಟಿದರೆ ಟಚ್‌ಡೌನ್, ಅದಕ್ಕೆ ಆರು ಅಂಕ. ಪ್ರತಿ ಯತ್ನವನ್ನೂ ನಡೆಸುವವನು ಕ್ವಾರ್ಟರ್‌ಬ್ಯಾಕ್, ಆದ್ದರಿಂದ ತಂಡದ ಹಣೆಬರಹ ಬಹುಮಟ್ಟಿಗೆ ಅವನ ಕೈಯಲ್ಲಿರುತ್ತದೆ. ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದದ್ದು ಋತುವಿನ ಅಳತೆ. ಎನ್‌ಎಫ್‌ಎಲ್ ಎಂಬ ರಾಷ್ಟ್ರೀಯ ಲೀಗಿನ 32 ತಂಡಗಳಲ್ಲಿ ಪ್ರತಿಯೊಂದೂ 18 ವಾರಗಳಲ್ಲಿ 17 ಪಂದ್ಯಗಳನ್ನು ಆಡುತ್ತದೆ, ಅಲ್ಲಿಂದ 14 ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ. ಐಪಿಎಲ್ ತಂಡವೊಂದು 14 ಲೀಗ್ ಪಂದ್ಯಗಳನ್ನು ಎರಡೇ ತಿಂಗಳಲ್ಲಿ ಮುಗಿಸುವುದರಿಂದ ಸೋಲಿನ ಮಾತು ಮುಗಿಯುವಷ್ಟರಲ್ಲಿ ಮುಂದಿನ ಟಾಸ್ ಬಂದಿರುತ್ತದೆ. ಇಲ್ಲಿ ಹಾಗಲ್ಲ. ಒಂದು ಪಂದ್ಯ ಮುಗಿದ ಮೇಲೆ ಸಾಮಾನ್ಯವಾಗಿ ಇಡೀ ವಾರ ಖಾಲಿ. ಆ ಖಾಲಿ ವಾರವನ್ನು ಅಭಿಮಾನಿಗಳು ಮಾತಿನಿಂದ ತುಂಬುತ್ತಾರೆ. ಅದರಲ್ಲೂ ಮೊದಲ ಪಂದ್ಯದ ನಂತರದ ವಾರಕ್ಕೆ ಆಧಾರವಾಗಿರುವುದು ಒಂದೇ ಪಂದ್ಯ. ಅದರ ಹಿಂದೆ ಇಡೀ ಬೇಸಿಗೆಯ ಊಹೆ, ಆತಂಕ, ಹಟಗಳು ಸಾಲುಗಟ್ಟಿ ನಿಂತಿರುತ್ತವೆ.

ಬೇರೆ ಊರುಗಳಲ್ಲೂ ಇದು ಹೀಗೆಯೇ ಇರಬಹುದು. ಗ್ರೀನ್ ಬೇಯ ಮಾತಿಗೆ ಮಾತ್ರ ಇನ್ನೊಂದು ತೂಕವಿದೆ, ಏಕೆಂದರೆ ಇಲ್ಲಿ ಮಾತಾಡುವವರೇ ಮಾಲೀಕರು. 1919ರಲ್ಲಿ ಕರ್ಲಿ ಲ್ಯಾಂಬೋ ಮತ್ತು ಪತ್ರಕರ್ತ ಜಾರ್ಜ್ ಕ್ಯಾಲ್ಹೂನ್ ಸೇರಿ ಕಟ್ಟಿದ ಈ ತಂಡಕ್ಕೆ ಉಡುಪಿನ ಖರ್ಚು ಕೊಟ್ಟದ್ದು ಮಾಂಸವನ್ನು ಡಬ್ಬಿಗಳಲ್ಲಿ ತುಂಬಿಸಿ ಮಾರುತ್ತಿದ್ದ ಇಂಡಿಯನ್ ಪ್ಯಾಕಿಂಗ್ ಕಂಪನಿ. ಪ್ಯಾಕರ್ಸ್ ಎಂಬ ಹೆಸರೂ ಅಲ್ಲಿಂದಲೇ ಬಂದದ್ದು. ತಂಡ ದಿವಾಳಿಯ ಅಂಚಿಗೆ ಬಂದಾಗ 1923ರಲ್ಲಿ ಊರಿನವರು ತಲಾ ಐದು ಡಾಲರಿನ ಷೇರು ಕೊಂಡು ಉಳಿಸಿಕೊಂಡರು. ಆಮೇಲೆ 1935, 1950, 1997, 2011 ಮತ್ತು 2021ರಲ್ಲಿ ಷೇರುಗಳನ್ನು ಮತ್ತೆ ಮಾರಲಾಯಿತು. ಕೊನೆಯ ಸಲ ಒಂದು ಷೇರಿಗೆ 300 ಡಾಲರ್. ಇಂದು ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಈ ಷೇರಿಗೆ ಲಾಭಾಂಶವಿಲ್ಲ, ಇದನ್ನು ಮಾರುಕಟ್ಟೆಯಲ್ಲಿ ಮಾರುವಂತಿಲ್ಲ, ಟಿಕೆಟ್ ಪಟ್ಟಿಯಲ್ಲಿ ಇದರಿಂದ ಒಂದು ಸ್ಥಾನವೂ ಮೇಲೇರುವುದಿಲ್ಲ. ಒಂದು ವೇಳೆ ತಂಡವನ್ನೇ ಮಾರಿದರೂ ಬರುವ ಹಣ ದಾನಧರ್ಮದ ಪ್ರತಿಷ್ಠಾನಕ್ಕೆ ಹೋಗುತ್ತದೆಯೇ ಹೊರತು ಷೇರುದಾರರ ಕೈಗಲ್ಲ. ಸಿಗುವುದು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದಾದ ಒಂದು ಕಾಗದ, ನಿರ್ದೇಶಕರ ಆಯ್ಕೆಗೆ ಮತ ಹಾಕುವ ಹಕ್ಕು, ಮತ್ತು ಜುಲೈ ತಿಂಗಳಲ್ಲಿ ಲ್ಯಾಂಬೋ ಫೀಲ್ಡಿನ ಆಸನಗಳಲ್ಲೇ ಕುಳಿತು ವಾರ್ಷಿಕ ಸಭೆಯ ವರದಿ ಕೇಳುವ ಅವಕಾಶ.

ಇಷ್ಟು ಚಿಕ್ಕ ಊರು ನ್ಯೂಯಾರ್ಕ್, ಶಿಕಾಗೋಗಳ ಜೊತೆ ಸರಿಸಮನಾಗಿ ನಿಂತಿರುವುದಕ್ಕೆ ಬರಿಯ ಪ್ರೀತಿಯೇ ಕಾರಣವಲ್ಲ. ಲೀಗಿನ ರಾಷ್ಟ್ರಮಟ್ಟದ ಟಿ.ವಿ. ಆದಾಯವನ್ನು ಎಲ್ಲ ತಂಡಗಳಿಗೂ ಸಮನಾಗಿ ಹಂಚುವ ಪದ್ಧತಿ 1961ರಿಂದ ಇದೆ. ಈಚಿನ ವರ್ಷಗಳಲ್ಲಿ ಪ್ಯಾಕರ್ಸ್‌ಗೆ ಹೀಗೆ ಹಂಚಿಕೆಯಾಗಿ ಬರುವ ಹಣ ವರ್ಷಕ್ಕೆ 40 ಕೋಟಿ ಡಾಲರಿಗೂ ಹೆಚ್ಚು. ಲೆಕ್ಕಪತ್ರವನ್ನು ಹೀಗೆ ಬಹಿರಂಗವಾಗಿ ಪ್ರಕಟಿಸುವುದು ಈ ಒಂದು ತಂಡ ಮಾತ್ರ, ಮಾಲೀಕರು ಊರ ಜನರಾದ್ದರಿಂದ. ಹಾಗಾಗಿ ಆಗಸ್ಟಿನ ಚರ್ಚೆಗಳಲ್ಲಿ ಪಂದ್ಯದ ತಂತ್ರದ ಜೊತೆಗೆ ಆದಾಯ, ವೇತನ ಮಿತಿ, ಕ್ರೀಡಾಂಗಣದ ದುರಸ್ತಿ, ಇವೆಲ್ಲವೂ ಸೇರಿಕೊಂಡಿರುತ್ತವೆ.

ಋತುವಿನ ಮೊದಲ ಸೂಚನೆ ಜುಲೈ ಕೊನೆಯ ತರಬೇತಿ ಶಿಬಿರ. ಆಗ ಊರಿನ ಮಕ್ಕಳು ತಮ್ಮ ಸೈಕಲ್‌ಗಳನ್ನು ತಂದು ಕ್ರೀಡಾಂಗಣದ ಹೊರಗೆ ಸಾಲಾಗಿ ನಿಲ್ಲುತ್ತಾರೆ. ಹೊರಗೆ ಬರುವ ಆಟಗಾರ ಒಂದು ಮಗುವಿನ ಸೈಕಲ್ ಆರಿಸಿಕೊಂಡು, ರಸ್ತೆಯಾಚೆಯ ಅಭ್ಯಾಸದ ಮೈದಾನದವರೆಗೆ ತುಳಿದುಕೊಂಡು ಹೋಗುತ್ತಾನೆ. ಸೈಕಲ್ಲಿನ ಒಡೆಯ ಅವನ ಹೆಲ್ಮೆಟ್ ಹಿಡಿದುಕೊಂಡು ಪಕ್ಕದಲ್ಲಿ ಓಡುತ್ತಾನೆ. ವಿನ್ಸ್ ಲೊಂಬಾರ್ಡಿ ಕೋಚ್ ಆಗಿದ್ದ ಕಾಲದಿಂದ ಇದು ನಡೆದುಬಂದಿದೆ. ನೂರೈವತ್ತು ಕಿಲೋ ತೂಗುವ ಆಳು ಎಂಟು ವರ್ಷದ ಹುಡುಗಿಯ ನೇರಳೆ ಬಣ್ಣದ ಸೈಕಲ್ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕುಳಿತು, ಬಹಳ ಜಾಗರೂಕತೆಯಿಂದ ತುಳಿಯುವುದನ್ನು ನಾನು ಕಂಡಿದ್ದೇನೆ. ಆ ಹುಡುಗಿ ಅವನ ಮುಖವನ್ನು ನೋಡುತ್ತಿರಲಿಲ್ಲ, ತನ್ನ ಸೈಕಲ್ಲಿನ ಚಕ್ರವನ್ನೇ ನೋಡುತ್ತಿದ್ದಳು. ಹೀಗೆ ಸೈಕಲ್ ಕೊಟ್ಟವರು ಮೂವತ್ತು ವರ್ಷಗಳ ನಂತರವೂ ಆ ಆಟಗಾರನ ಹೆಸರು ಹೇಳುತ್ತಾರೆ. ಅವನು ಆ ವರ್ಷವೇ ತಂಡದಿಂದ ಹೊರಬಿದ್ದಿದ್ದರೂ ಹೇಳುತ್ತಾರೆ.

ಹೊರಬೀಳುವವರ ಸಂಖ್ಯೆ ದೊಡ್ಡದು. ಶಿಬಿರಕ್ಕೆ 90 ಆಟಗಾರರು ಬರುತ್ತಾರೆ. ಮೂರು ಅಭ್ಯಾಸ ಪಂದ್ಯಗಳ ನಂತರ, ಆಗಸ್ಟಿನ ಕೊನೆಯ ವಾರದಲ್ಲಿ ಒಂದೇ ದಿನದ ಗಡುವಿನೊಳಗೆ ಆ ಪಟ್ಟಿ 53ಕ್ಕೆ ಇಳಿಯಬೇಕು. ನಮ್ಮ ಪಕ್ಕದ ಮನೆಯ ಹಿರಿಯರು, ಕಾಗದದ ಕಾರ್ಖಾನೆಯಿಂದ ನಿವೃತ್ತರಾದವರು, ಈ ತೊಂಬತ್ತು ಹೆಸರುಗಳನ್ನು ಜುಲೈನಲ್ಲೇ ಒಂದು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರೆ. ಗಡುವಿನ ದಿನ ರೇಡಿಯೋ ಕೇಳುತ್ತ ಒಂದೊಂದೇ ಹೆಸರನ್ನು ತೆಳ್ಳಗೆ ಅಡ್ಡಗೆರೆ ಎಳೆದು ಹೊಡೆಯುತ್ತಾರೆ, ಅಳಿಸುವುದಿಲ್ಲ. ಕೈಬಿಟ್ಟವರಲ್ಲಿ ಹದಿನಾರು ಜನರಷ್ಟು ಮರುದಿನ ಅಭ್ಯಾಸ ಪಡೆಗೆ ಮರಳಬಹುದು. ಹಾಗೆ ಮರಳಿದವರ ಹೆಸರಿನ ಪಕ್ಕ ಒಂದು ಚುಕ್ಕೆ ಬೀಳುತ್ತದೆ. ಡಿಸೆಂಬರಿನಲ್ಲಿ ಯಾರಿಗೋ ಗಾಯವಾಗಿ ಚುಕ್ಕೆಯ ಹುಡುಗನೊಬ್ಬ ಮೈದಾನಕ್ಕಿಳಿದರೆ ಅವರು ಫ್ರಿಜ್ಜಿನ ಹತ್ತಿರ ಹೋಗಿ ಆ ಹೆಸರನ್ನು ಹುಡುಕಿ ತೋರಿಸುತ್ತಾರೆ. "ಇವನನ್ನು ಬಿಟ್ಟಾಗಲೇ ನಾನು ಹೇಳಿದ್ದೆ" ಎನ್ನುವ ಹಕ್ಕು ಅವರಿಗೆ ಆ ಹಾಳೆಯಿಂದ ಬಂದಿದೆ. ತಾರೆಗಳ ಬಗ್ಗೆ ದೇಶವೇ ಮಾತಾಡುತ್ತದೆ; ಐವತ್ತೆರಡನೆಯವನು ಯಾರು, ಐವತ್ತಮೂರನೆಯವನು ಯಾರು ಎಂದು ಅರ್ಧ ಗಂಟೆ ವಾದಿಸುವುದು ಊರಿನವರು ಮಾತ್ರ. ಈ ಆಟದಲ್ಲಿ ನನಗೆ ಅತ್ಯಂತ ಪ್ರಿಯವಾದ ಮಾತುಕತೆ ಅದೇ, ಏಕೆಂದರೆ ಅಲ್ಲಿ ಒಬ್ಬ ಯುವಕನ ಕೆಲಸ ಉಳಿಯಿತೇ ಹೋಯಿತೇ ಎಂಬ ಕಾಳಜಿ ನಿಜವಾಗಿಯೂ ಇರುತ್ತದೆ.

ಇನ್ನು ಮೊದಲ ಪಂದ್ಯ. ಅದನ್ನು ನೋಡಿ ಋತುವಿನ ಭವಿಷ್ಯ ಹೇಳಬಾರದು ಎಂಬುದು ಪ್ಯಾಕರ್ಸ್ ಅಭಿಮಾನಿಗಳಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿರಬೇಕು. 2018ರ ಆರಂಭದ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಮೊಣಕಾಲು ನೋವಿನಿಂದ ಗಾಡಿಯಲ್ಲಿ ಒಳಗೆ ಹೋದ. ಶಿಕಾಗೋ ಬೇರ್ಸ್ 20-0 ಮುಂದಿತ್ತು. ದ್ವಿತೀಯಾರ್ಧದಲ್ಲಿ ಅವನು ಕುಂಟುತ್ತ ಮರಳಿ ಬಂದು, ಕೊನೆಯಲ್ಲಿ ರ‍್ಯಾಂಡಲ್ ಕಾಬ್‌ಗೆ ಕೊಟ್ಟ ಚೆಂಡು 75 ಗಜಗಳ ಟಚ್‌ಡೌನ್ ಆಗಿ, ತಂಡ 24-23ರಿಂದ ಗೆದ್ದಿತು. ಲ್ಯಾಂಬೋ ಫೀಲ್ಡ್ ಕಂಡ ಅತ್ಯುತ್ತಮ ಆರಂಭಗಳಲ್ಲಿ ಅದೂ ಒಂದು. ಆ ಋತು ಮುಗಿದದ್ದು ಆರು ಗೆಲುವು, ಒಂಬತ್ತು ಸೋಲು, ಒಂದು ಸಮದಲ್ಲಿ. ಕೋಚ್ ಮೈಕ್ ಮೆಕಾರ್ತಿಯವರನ್ನು ಡಿಸೆಂಬರ್ ಶುರುವಿನಲ್ಲೇ ತೆಗೆದುಹಾಕಲಾಯಿತು. ಮೂರು ವರ್ಷಗಳ ನಂತರ, 2021ರ ಮೊದಲ ಪಂದ್ಯದಲ್ಲಿ ಇದೇ ತಂಡ ನ್ಯೂ ಓರ್ಲಿಯನ್ಸ್ ಸೇಂಟ್ಸ್ ಎದುರು 38-3ರಿಂದ ಮಣ್ಣುಮುಕ್ಕಿತು. ಐಡಾ ಚಂಡಮಾರುತದ ದೆಸೆಯಿಂದ ಜಾಕ್ಸನ್‌ವಿಲ್‌ಗೆ ಸ್ಥಳಾಂತರವಾಗಿದ್ದ ಆ ಪಂದ್ಯದ ಮರುದಿನ ಇಲ್ಲಿನ ರೇಡಿಯೋ ಕೇಳಿದವರು ತಂಡದ ಕಥೆ ಮುಗಿಯಿತೆಂದೇ ತಿಳಿಯುತ್ತಿದ್ದರು. ಅದೇ ತಂಡ 13 ಗೆಲುವು, 4 ಸೋಲಿನೊಂದಿಗೆ ತನ್ನ ವಿಭಾಗದ ಅಗ್ರಸ್ಥಾನ ಪಡೆಯಿತು, ರಾಜರ್ಸ್ ಆ ವರ್ಷದ ಶ್ರೇಷ್ಠ ಆಟಗಾರನಾದ.

ಸೆಪ್ಟೆಂಬರಿನ ಈ ಕಳವಳವನ್ನು ಆಟಗಾರರೂ ಬಲ್ಲರು. 2014ರಲ್ಲಿ ಮೊದಲ ಮೂರು ಪಂದ್ಯಗಳಲ್ಲಿ ಎರಡನ್ನು ಸೋತಾಗ ರಾಜರ್ಸ್ ರೇಡಿಯೋ ಕಾರ್ಯಕ್ರಮವೊಂದರಲ್ಲಿ ಅಭಿಮಾನಿಗಳಿಗೆ ಸಮಾಧಾನವಾಗಿರಿ ಎಂಬ ಮಾತನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳಿದ್ದ. ತಂಡ ಆ ವರ್ಷ 12 ಗೆಲುವು, 4 ಸೋಲಿನಲ್ಲಿ ಮುಗಿಸಿ, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಂದೇ ಹೆಜ್ಜೆ ಹಿಂದಿನವರೆಗೂ ಹೋಯಿತು. ಹಾಗೆಂದು ಆರಂಭಕ್ಕೆ ಅರ್ಥವೇ ಇಲ್ಲವೆಂದೂ ಹೇಳಲಾಗದು. 1958ರಲ್ಲಿ ಪ್ಯಾಕರ್ಸ್ ಗೆದ್ದದ್ದು ಒಂದೇ ಪಂದ್ಯ, ಸೋತದ್ದು ಹತ್ತು. ಮರುವರ್ಷ ಹೊಸ ಕೋಚ್ ಲೊಂಬಾರ್ಡಿಯ ಮೊದಲ ಪಂದ್ಯದಲ್ಲಿ ಬೇರ್ಸ್ ಎದುರು 9-6ರಿಂದ ಗೆದ್ದಾಗ ಆಟಗಾರರು ಅವರನ್ನು ಹೆಗಲ ಮೇಲೆ ಹೊತ್ತುಕೊಂಡು ಮೈದಾನದಿಂದ ಹೊರನಡೆದರು. ಒಂದೇ ಒಂದು ಗೆಲುವಿಗೆ ಅಷ್ಟು ಸಂಭ್ರಮ ಅತಿಯೆಂದು ಅಂದು ಯಾರಿಗಾದರೂ ಅನ್ನಿಸಿರಬಹುದು. ಲೊಂಬಾರ್ಡಿ ಆಮೇಲೆ ಏಳು ವರ್ಷಗಳಲ್ಲಿ ಐದು ಸಲ ಲೀಗ್ ಪ್ರಶಸ್ತಿ ಗೆದ್ದುಕೊಟ್ಟರು, ಮೊದಲ ಎರಡು ಸೂಪರ್ ಬೌಲ್‌ಗಳೂ ಅದರಲ್ಲಿ ಸೇರಿವೆ. ಯಾವ ಆರಂಭ 1959ರದು, ಯಾವುದು 2018ರದು ಎಂದು ಆ ದಿನವೇ ಹೇಳಬಲ್ಲವರು ಯಾರೂ ಇಲ್ಲ. ಆದ್ದರಿಂದ ಮಾತು ನಿಲ್ಲುವುದಿಲ್ಲ.

ವರ್ಷಗಟ್ಟಲೆ ಈ ಮಾತುಗಳನ್ನು ಕೇಳಿದ ಮೇಲೆ ನನಗೆ ತಿಳಿದದ್ದು ಇಷ್ಟು: ಗೆಲ್ಲುತ್ತೇವೆಯೇ ಸೋಲುತ್ತೇವೆಯೇ ಎಂಬುದು ಮೇಲ್ನೋಟದ ವಿಷಯ. ಒಳಗಿನ ವಿವಾದ ಬೇರೆ, ಅದು ತಾಳ್ಮೆಯ ವಿವಾದ. ಟಿಕೆಟ್ಟಿಗಾಗಿ ದಶಕಗಟ್ಟಲೆ ಕಾಯುವ ಜನ ಗೆಲುವಿಗಾಗಿ ಎಷ್ಟು ಕಾಯಬೇಕು? ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಡ್ರಾಫ್ಟ್‌ನಲ್ಲಿ ಹುಡುಗರನ್ನು ಆರಿಸಿ, ನಿಧಾನವಾಗಿ ಬೆಳೆಸಿ, ತಮ್ಮಲ್ಲೇ ಉಳಿಸಿಕೊಳ್ಳುವುದು ಈ ತಂಡದ ಹಳೆಯ ಪದ್ಧತಿ. ಅದು ಫಲ ಕೊಟ್ಟದ್ದಕ್ಕೆ ದೊಡ್ಡ ಸಾಕ್ಷಿ ಕ್ವಾರ್ಟರ್‌ಬ್ಯಾಕ್ ಸ್ಥಾನವೇ. 1992ರಿಂದ 2022ರವರೆಗಿನ ಮೂವತ್ತೊಂದು ಋತುಗಳಲ್ಲಿ ಆ ಸ್ಥಾನಕ್ಕೆ ಮುಖ್ಯವಾಗಿ ಇಬ್ಬರೇ ಇದ್ದರು: ಬ್ರೆಟ್ ಫಾರ್ವ್ ಮತ್ತು ರಾಜರ್ಸ್. 2005ರಲ್ಲಿ ಆಯ್ಕೆಯಾದ ರಾಜರ್ಸ್ ಮೂರು ವರ್ಷ ಫಾರ್ವ್ ಹಿಂದೆ ಬೆಂಚಿನಲ್ಲಿ ಕುಳಿತ. 2020ರಲ್ಲಿ ಆಯ್ಕೆಯಾದ ಜೋರ್ಡನ್ ಲವ್ ಮೂರು ವರ್ಷ ರಾಜರ್ಸ್ ಹಿಂದೆ ಕುಳಿತ.

ಆ ಹಸ್ತಾಂತರಗಳು ಸುಲಭವಾಗಿ ನಡೆಯಲಿಲ್ಲ. 2008ರ ಆಗಸ್ಟಿನಲ್ಲಿ, ನಿವೃತ್ತಿ ಘೋಷಿಸಿದ್ದ ಫಾರ್ವ್ ಮನಸ್ಸು ಬದಲಿಸಿ ಊರಿಗೆ ಮರಳಿದ ರಾತ್ರಿಯೇ, ಲ್ಯಾಂಬೋ ಫೀಲ್ಡಿನ ಸಾರ್ವಜನಿಕ ಅಭ್ಯಾಸದಲ್ಲಿ ಜನರಲ್ಲಿ ಕೆಲವರು ರಾಜರ್ಸ್‌ನನ್ನು ಕೂಗಿ ಮೂದಲಿಸಿದರು. ಸೆಪ್ಟೆಂಬರಿನ ಮೊದಲ ಪಂದ್ಯದಲ್ಲಿ ಅವನು ಮಿನ್ನೆಸೋಟ ವೈಕಿಂಗ್ಸ್ ಎದುರು ಗೆಲ್ಲಿಸಿ, ಟಚ್‌ಡೌನ್ ಮಾಡಿದ ಮೇಲೆ ಪ್ರೇಕ್ಷಕರ ತೆಕ್ಕೆಗೆ ಜಿಗಿದ. ಅದೇ ಋತುವಿನಲ್ಲಿ ತಂಡ ಹತ್ತು ಪಂದ್ಯ ಸೋತಿತು, ಫಾರ್ವ್‌ನನ್ನು ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಕಳಿಸಿದ್ದು ತಪ್ಪೆಂಬ ಮಾತು ಇಡೀ ಚಳಿಗಾಲ ಕೇಳಿಬಂತು. ಎರಡು ವರ್ಷಗಳ ನಂತರ ರಾಜರ್ಸ್ ಸೂಪರ್ ಬೌಲ್ ಗೆದ್ದ. 2023ರಲ್ಲಿ ಅದೇ ಕಥೆ ಮತ್ತೆ: ರಾಜರ್ಸ್ ಕೂಡ ಫಾರ್ವ್‌ನಂತೆಯೇ ನ್ಯೂಯಾರ್ಕ್ ಜೆಟ್ಸ್‌ಗೆ ಹೋದ. ಲವ್ ತನ್ನ ಮೊದಲ ಪಂದ್ಯದಲ್ಲಿ ಶಿಕಾಗೋದಲ್ಲಿ ಮೂರು ಟಚ್‌ಡೌನ್ ಎಸೆದು 38-20ರಿಂದ ಗೆದ್ದ ಮರುರಾತ್ರಿ, ಜೆಟ್ಸ್ ಪರ ನಾಲ್ಕನೆಯ ಯತ್ನದಲ್ಲೇ ರಾಜರ್ಸ್‌ನ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಮರುದಿನ ಕಚೇರಿಯಲ್ಲಿ ಯಾರೂ ಹಿಗ್ಗಲಿಲ್ಲ ಎಂಬುದನ್ನು ನಾನು ಇಲ್ಲಿ ದಾಖಲಿಸಲೇಬೇಕು. ಬೇಸಿಗೆಯುದ್ದಕ್ಕೂ ಅವನ ಮೇಲೆ ಸಿಟ್ಟಾಗಿದ್ದವರೇ ಆ ದಿನ ತಗ್ಗಿದ ದನಿಯಲ್ಲಿ ಮಾತಾಡಿದರು. ಲವ್ ಕೂಡ ಆಮೇಲೆ ಏಳು ಪಂದ್ಯಗಳಲ್ಲಿ ಐದನ್ನು ಸೋತ ತಂಡದ ನಾಯಕನಾಗಿದ್ದ. ಅಲ್ಲಿಂದ ಎದ್ದು ಬಂದು ಪ್ಲೇಆಫ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡವನ್ನು ಅದರ ಸ್ವಂತ ನೆಲದಲ್ಲಿ 48-32ರಿಂದ ಸೋಲಿಸಿದ.

ತಾಳ್ಮೆಯ ಪಕ್ಷದವರಿಗೆ ಇಷ್ಟು ಸಾಕ್ಷಿ ಸಾಕು. ಎದುರು ಪಕ್ಷದವರ ಬಳಿಯೂ ಲೆಕ್ಕವಿದೆ. 2011ರ ಫೆಬ್ರುವರಿಯ ಆ ಸೂಪರ್ ಬೌಲ್ ನಂತರ ತಂಡ ಮತ್ತೊಂದನ್ನು ಗೆದ್ದಿಲ್ಲ. 2014, 2016, 2019, 2020, ಈ ನಾಲ್ಕು ಋತುಗಳಲ್ಲಿ ಕೊನೆಯ ಬಾಗಿಲಿನವರೆಗೆ ಹೋಗಿ ಹಿಂತಿರುಗಿದೆ. ಒಬ್ಬ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್‌ನ ಅತ್ಯುತ್ತಮ ವರ್ಷಗಳು ನಿಮ್ಮ ತಾಳ್ಮೆಯಲ್ಲೇ ಕರಗಿಹೋದವು ಎಂದು ಅವರು ಕೇಳಿದಾಗ ಉತ್ತರ ಕೊಡುವುದು ಕಷ್ಟ.

2025ರ ಆಗಸ್ಟ್ 28ರಂದು ಈ ವಿವಾದ ಇದ್ದಕ್ಕಿದ್ದಂತೆ ಬಾಗಿಲಿಗೇ ಬಂತು. ಅದು ಗಣೇಶನ ಹಬ್ಬದ ವಾರ. ನಮ್ಮ ಮನೆಯಲ್ಲಿ ಹಬ್ಬದ ಕಡುಬು ಇನ್ನೂ ಮುಗಿದಿರಲಿಲ್ಲ, ನೆಂಟರು ಕುಳಿತಿದ್ದರು, ಅಷ್ಟರಲ್ಲಿ ಎಲ್ಲರ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು. ಡಲ್ಲಾಸ್‌ನ ಮೈಕಾ ಪಾರ್ಸನ್ಸ್ ಪ್ಯಾಕರ್ಸ್‌ಗೆ ಬಂದಿದ್ದ. ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಬೆನ್ನಟ್ಟಿ ಕೆಡಹುವುದರಲ್ಲಿ ಲೀಗಿನ ಅಗ್ರಗಣ್ಯರಲ್ಲಿ ಒಬ್ಬ. ಅವನಿಗೆ ತೆತ್ತ ಬೆಲೆ ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಗಳು, ಜೊತೆಗೆ 2016ರಿಂದ ಗ್ರೀನ್ ಬೇಯಲ್ಲೇ ಆಡಿಕೊಂಡಿದ್ದ ಕೆನ್ನಿ ಕ್ಲಾರ್ಕ್. ಮೇಲೆ ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರಿನ ಒಪ್ಪಂದ. ಮೊದಲ ಪಂದ್ಯಕ್ಕೆ ಹತ್ತೇ ದಿನ ಉಳಿದಿತ್ತು.

ಆ ಹತ್ತು ದಿನಗಳಲ್ಲಿ ನಡೆದಂಥ ಮಾತುಕತೆಯನ್ನು ಇಲ್ಲಿ ನಾನು ಬೇರೆ ಯಾವ ವರ್ಷವೂ ಕೇಳಿಲ್ಲ. ಹಿರಿಯರು ಒಂದೇ ಉಸಿರಿಗೆ ರೆಜಿ ವೈಟ್ ಹೆಸರು ಹೇಳಿದರು: 1993ರಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದಾಗಿದ್ದ ಆ ಮಹಾನ್ ಆಟಗಾರ ಗ್ರೀನ್ ಬೇಯನ್ನು ಆರಿಸಿಕೊಂಡ, ನಾಲ್ಕನೆಯ ಋತುವಿನಲ್ಲಿ ಸೂಪರ್ ಬೌಲ್ ಬಂತು. ಅನುಮಾನದವರು ಖಲೀಲ್ ಮ್ಯಾಕ್ ಹೆಸರು ತೆಗೆದರು. 2018ರ ಸೆಪ್ಟೆಂಬರಿನಲ್ಲಿ ಶಿಕಾಗೋ ಬೇರ್ಸ್ ಸರಿಸುಮಾರು ಇದೇ ಬೆಲೆಗೆ, ಎರಡು ಮೊದಲ ಸುತ್ತಿನ ಆಯ್ಕೆಗಳನ್ನು ಮುಖ್ಯವಾಗಿ ಕೊಟ್ಟು, ಮ್ಯಾಕ್‌ನನ್ನು ತಂದಿತ್ತು. ನಾನು ಮೇಲೆ ಹೇಳಿದ 2018ರ ಆರಂಭದ ಪಂದ್ಯದಲ್ಲಿ ಅವನು ಚೆಂಡು ಕಸಿದುಕೊಂಡು ಟಚ್‌ಡೌನ್ ಕೂಡ ಮಾಡಿದ್ದ. ಬೇರ್ಸ್ ಆ ವರ್ಷ 12 ಪಂದ್ಯ ಗೆದ್ದಿತು. ಆದರೆ ಅವನಿದ್ದ ನಾಲ್ಕು ಋತುಗಳಲ್ಲಿ ಒಂದೂ ಪ್ಲೇಆಫ್ ಪಂದ್ಯ ಗೆಲ್ಲದೆ, 2022ರಲ್ಲಿ ಅವನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟಿತು. ಹೊರಗಿನಿಂದ ತಾರೆಯನ್ನು ತಂದದ್ದಕ್ಕೆ ಎರಡು ಫಲ. ಪಕ್ಕದ ಮನೆಯ ಹಿರಿಯರು ಯಾವ ಪಕ್ಷಕ್ಕೂ ಸೇರಲಿಲ್ಲ. ತಮ್ಮ ಹಾಳೆಯಲ್ಲಿ ಕ್ಲಾರ್ಕ್ ಹೆಸರಿಗೆ ಗೆರೆ ಎಳೆಯಲು ಅವರಿಗೆ ಮನಸ್ಸಾಗಲಿಲ್ಲ. ಪಾರ್ಸನ್ಸ್ ಹೆಸರನ್ನು ಹಾಳೆಯ ಕೆಳಗೆ ಹೊಸದಾಗಿ ಬರೆದುಕೊಂಡರು, ಅಷ್ಟೇ.

ಸೆಪ್ಟೆಂಬರ್ 7ರ ಭಾನುವಾರ, ಡೆಟ್ರಾಯಿಟ್ ಲಯನ್ಸ್ ಎದುರಿನ ಮೊದಲ ಪಂದ್ಯ. ಲ್ಯಾಂಬೋ ಫೀಲ್ಡ್ ಇರುವುದು ಸಾಧಾರಣ ಮನೆಗಳ ಬೀದಿಗಳ ನಡುವೆ. ರಸ್ತೆ ದಾಟಿದರೆ ಯಾರದೋ ಅಡುಗೆಮನೆಯ ಕಿಟಕಿ. ಪಂದ್ಯದ ದಿನ ಆ ಮನೆಗಳವರು ತಮ್ಮ ಹುಲ್ಲುಹಾಸನ್ನೇ ಕಾರು ನಿಲ್ಲಿಸುವ ಜಾಗ ಮಾಡಿ ಬಾಡಿಗೆ ತೆಗೆದುಕೊಳ್ಳುತ್ತಾರೆ. ನಾವು ಕಾರು ನಿಲ್ಲಿಸಿದ ಮನೆಯಲ್ಲಿ ಒಬ್ಬ ಹುಡುಗ ಕೈಬಾವುಟ ಹಿಡಿದು, ತಾಯಿಯ ಗುಲಾಬಿ ಗಿಡಗಳಿಗೆ ತಾಗದಂತೆ ಒಂದೊಂದು ಕಾರನ್ನೂ ಹಿಮ್ಮುಖವಾಗಿ ಸೇರಿಸುತ್ತಿದ್ದ. ಇದ್ದಿಲಿನ ಒಲೆಗಳಿಂದ ಸಾಸೇಜಿನ ಹೊಗೆ ಬೀದಿಯುದ್ದಕ್ಕೂ ಹಬ್ಬಿತ್ತು. ಮಡಿಸುವ ಕುರ್ಚಿಗಳಲ್ಲಿ ಕುಳಿತವರ ನಡುವೆ ಪರಿಚಯಕ್ಕೆ ಮೊದಲೇ ವಾದ ಶುರುವಾಗಿತ್ತು. ರೆಜಿ ವೈಟ್ ಹೆಸರಿನ ಹಳೆಯ ಅಂಗಿ ತೊಟ್ಟ ಹೆಂಗಸೊಬ್ಬರು ನನ್ನನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, "ಎರಡು ವರ್ಷದ ಮೊದಲ ಸುತ್ತು ಕೊಟ್ಟದ್ದು ಸರಿಯೇ? ನೀವು ಹೇಳಿ." ನನ್ನ ಊರು ಯಾವುದು, ನಾನು ಯಾರು ಎಂದು ಅವರು ಕೇಳಲೇ ಇಲ್ಲ. ಸರಿ ಎಂದು ನಾನು ಹೇಳಿದೆ. ಅವರು ಒಪ್ಪಲಿಲ್ಲ, ಕುರ್ಚಿ ಹತ್ತಿರ ಎಳೆದುಕೊಂಡು ಕಾರಣ ಹೇಳತೊಡಗಿದರು. ಅವರ ಕಾರಣಗಳು ಚೆನ್ನಾಗಿದ್ದವು: ಗಾಯ ಯಾರಿಗೂ ಹೇಳಿ ಬರುವುದಿಲ್ಲ, ಒಬ್ಬನ ಮೇಲೆ ಇಷ್ಟು ಸುರಿದರೆ ಅವನು ಬಿದ್ದ ದಿನ ಉಳಿದವರಿಗೆ ಆಸರೆ ಇರುವುದಿಲ್ಲ.

ಪ್ಯಾಕರ್ಸ್ ಆ ದಿನ 27-13ರಿಂದ ಗೆದ್ದಿತು. ಬೆನ್ನುನೋವಿನಿಂದಾಗಿ ಕೆಲವೇ ಯತ್ನಗಳಿಗೆ ಇಳಿದ ಪಾರ್ಸನ್ಸ್ ಕೊನೆಗೆ ಕ್ವಾರ್ಟರ್‌ಬ್ಯಾಕ್‌ನನ್ನು ಒಂದು ಸಲ ಕೆಡವಿದ. ಎರಡನೆಯ ಪಂದ್ಯವನ್ನೂ ಗೆದ್ದಾಗ ಸೂಪರ್ ಬೌಲ್ ಮಾತು ರಾಜ್ಯವಿಡೀ ಹಬ್ಬಿತು. ಮೂರನೆಯದರಲ್ಲಿ ಕ್ಲೀವ್‌ಲೆಂಡ್ ಬ್ರೌನ್ಸ್ ಎದುರು 13-10ರ ಸೋಲು, ನಾಲ್ಕನೆಯದು ಡಲ್ಲಾಸ್‌ನಲ್ಲೇ 40-40ರ ಸಮ. ಡಿಸೆಂಬರಿನಲ್ಲಿ ಡೆನ್ವರ್‌ನಲ್ಲಿ ಪಾರ್ಸನ್ಸ್‌ನ ಮೊಣಕಾಲಿನ ಅಸ್ಥಿರಜ್ಜು ಹರಿದು ಅವನ ಋತು ಅಲ್ಲಿಗೇ ಮುಗಿಯಿತು. ತಂಡ ಹೇಗೋ ಪ್ಲೇಆಫ್ ಸೇರಿ, ಮೊದಲ ಸುತ್ತಿನಲ್ಲೇ ಶಿಕಾಗೋದಲ್ಲಿ, ದೊಡ್ಡ ಮುನ್ನಡೆಯನ್ನು ಕೈಚೆಲ್ಲಿ, 31-27ರಿಂದ ಸೋತಿತು.

ಹುಲ್ಲುಹಾಸಿನ ಆ ಹೆಂಗಸು ಹೇಳಿದ್ದು ಹೆಚ್ಚುಕಡಿಮೆ ಹಾಗೆಯೇ ನಡೆಯಿತು. ಆದರೂ ನಾನು ಅಂದು ಕೊಟ್ಟ ಉತ್ತರವನ್ನು ಇಂದೂ ಬದಲಿಸುವುದಿಲ್ಲ, ಕಾರಣವನ್ನು ಇಲ್ಲಿ ಹೇಳುತ್ತೇನೆ. ಈ ಊರು ತಾಳ್ಮೆಯ ಹೆಸರಿನಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನು ಒಂದಾಗಿ ಕಾಣುತ್ತ ಬಂದಿದೆ. ಮೂರು ವರ್ಷ ಬೆಂಚಿನಲ್ಲಿ ಕುಳಿತು ಕಲಿಯುವ ಹುಡುಗನಿಗೆ, ಮೊದಲ ಪಂದ್ಯದಲ್ಲಿ ಎಡವುವ ಹೊಸಬನಿಗೆ ತೋರುವ ತಾಳ್ಮೆ ಒಂದು. 2022ರ ಆರಂಭದ ಪಂದ್ಯದಲ್ಲಿ ತಂಡದ ಮೊದಲ ಯತ್ನದಲ್ಲೇ, ಹಿಡಿದಿದ್ದರೆ ಟಚ್‌ಡೌನ್ ಆಗುತ್ತಿದ್ದ ಚೆಂಡನ್ನು ಕೈಬಿಟ್ಟ ಕ್ರಿಶ್ಚಿಯನ್ ವಾಟ್ಸನ್ ಆಮೇಲೆ ಅದೇ ವರ್ಷ ತಂಡದ ಮುಖ್ಯ ಅಸ್ತ್ರವಾದ. ಅವನನ್ನು ಆ ಭಾನುವಾರದ ಮೇಲೆ ತೀರ್ಮಾನಿಸಿದವರು ದುಡುಕಿದರು. ಆ ತಾಳ್ಮೆ ಎಷ್ಟಿದ್ದರೂ ಹೆಚ್ಚಲ್ಲ. ಆದರೆ ಆಡಳಿತ ವರ್ಷದಿಂದ ವರ್ಷಕ್ಕೆ "ಇನ್ನೊಂದು ಡ್ರಾಫ್ಟ್ ನೋಡೋಣ" ಎನ್ನುತ್ತಿರುವಾಗ ಅದಕ್ಕೆ ತೋರುವ ತಾಳ್ಮೆ ಬೇರೆಯೇ. ಬೇರೆ ತಂಡಗಳಲ್ಲಿ ಒಬ್ಬ ಶ್ರೀಮಂತ ಮಾಲೀಕ ಸಿಟ್ಟಿಗೆದ್ದು ಮೇಜು ಕುಟ್ಟುತ್ತಾನೆ. ಇಲ್ಲಿ ಹಾಗೆ ಕೇಳಲು ಯಾರಿದ್ದಾರೆ? ಐದು ಲಕ್ಷ ಜನ ಷೇರುದಾರರು ಚೌಕಟ್ಟಿನ ಕಾಗದ ಇಟ್ಟುಕೊಂಡು, ತಂಡ ನಮ್ಮದೆಂಬ ಪ್ರೀತಿಯಿಂದ, ಪ್ರಶ್ನೆಯನ್ನು ನುಂಗಿಕೊಳ್ಳುತ್ತಾರೆ. ಸೆಪ್ಟೆಂಬರಿನ ಬೀದಿಯ ವಾದವೊಂದೇ ಆ ಪ್ರಶ್ನೆ ಗಟ್ಟಿಯಾಗಿ ಕೇಳಿಬರುವ ಜಾಗ, ಮತ್ತು 2025ರ ಆಗಸ್ಟಿನಲ್ಲಿ ಆಡಳಿತ ಮೊದಲ ಬಾರಿಗೆ ಅದಕ್ಕೆ ಕಿವಿಗೊಟ್ಟಂತೆ ನನಗೆ ಕಂಡಿತು. ಮೊಣಕಾಲು ಹರಿದದ್ದರಿಂದ ಆ ನಿರ್ಧಾರ ತಪ್ಪಾಗುವುದಿಲ್ಲ.

ಅದರ ಸಾಲ ಮಾತ್ರ ಇನ್ನೂ ತೀರಬೇಕಿದೆ. 2026ರದೂ 2027ರದೂ ಮೊದಲ ಸುತ್ತಿನ ಆಯ್ಕೆಗಳು ಕೈಬಿಟ್ಟಿರುವುದರಿಂದ, ಮುಂದಿನ ಎರಡು ಆಗಸ್ಟ್‌ಗಳಲ್ಲಿ ಶಿಬಿರಕ್ಕೆ ಬರುವ ಹೊಸಬರೆಲ್ಲ ಎರಡನೆಯ ಸುತ್ತಿನವರು, ಆರನೆಯ ಸುತ್ತಿನವರು, ಯಾರೂ ಆರಿಸದೆ ಬಿಟ್ಟವರು. ಪಾರ್ಸನ್ಸ್‌ನ ಬದಲಿಗೆ ಯಾರು ನಿಲ್ಲಬೇಕು, ಕ್ಲಾರ್ಕ್ ಬಿಟ್ಟುಹೋದ ನಡುವಿನ ಜಾಗವನ್ನು ಯಾರು ತುಂಬಬೇಕು ಎಂಬುದೆಲ್ಲ ಅವರಿಂದಲೇ ತೀರ್ಮಾನವಾಗಬೇಕು. ಹಾಗಾಗಿ ಐವತ್ತೆರಡನೆಯವನು, ಐವತ್ತಮೂರನೆಯವನು ಯಾರೆಂಬ ವಾದ ಈ ಸಲ ಊರಿನವರ ಹವ್ಯಾಸವಾಗಿ ಉಳಿಯುವುದಿಲ್ಲ. ಸೂಪರ್ ಬೌಲ್ ಬರುತ್ತದೆಯೇ ಎಂಬ ದೊಡ್ಡ ಪ್ರಶ್ನೆಯನ್ನು ಟಿ.ವಿ.ಯವರಿಗೆ ಬಿಟ್ಟು, ಜುಲೈ ಕೊನೆಯಲ್ಲಿ ಅಭ್ಯಾಸದ ಮೈದಾನದ ಬೇಲಿಯ ಬಳಿ ನಿಂತು ಅವರನ್ನೇ ನೋಡಬೇಕೆಂದಿದ್ದೇನೆ. ಪಕ್ಕದ ಮನೆಯವರನ್ನೂ ಕರೆದಿದ್ದೇನೆ, ಬರುತ್ತೇನೆ ಎಂದಿದ್ದಾರೆ.